ಹಿತ್ತಲಿಗೆ ಹೆಗ್ಗಣ ಬಾರದಂತೆ: ವಿಷ ಹಾಕದೆ ಬಿಲ ತೋಡುವವರನ್ನು ಹೊರಗಿಡುವ ಕ್ರಮ

ಗಜ್ಜರಿ ಸೊಪ್ಪು ಹಿಡಿದು ಎಳೆದೆ. ಸೊಪ್ಪು ಬಂತು, ಗಜ್ಜರಿ ಬರಲಿಲ್ಲ. ಮಣ್ಣು ಕೆದರಿದರೆ ಗಜ್ಜರಿ ಇದ್ದ ಜಾಗದಲ್ಲಿ ತೂತು ಮಾತ್ರ ಇತ್ತು. ಕೆಳಗಿನಿಂದ ಬಂದು ಪೂರ್ತಿ ತಿಂದು, ತೊಟ್ಟು ಮಾತ್ರ ನಮಗೆ ಬಿಟ್ಟಿದ್ದವು. ಅದೇ ಸಾಲಿನಲ್ಲಿ ಹನ್ನೊಂದು ಗಿಡಗಳ ಕಥೆ ಇದೇ.

ನಮ್ಮ ಮನೆ ಧಾರವಾಡದ ಸವದತ್ತಿ ರಸ್ತೆ ಕಡೆ, ಊರು ಮುಗಿದು ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ, ಶುರುವಾಗುವಲ್ಲಿ ಇದೆ. ಹಿತ್ತಲು ಐದು ಗುಂಟೆ. ಗಜ್ಜರಿ, ಮೂಲಂಗಿ, ಗೆಣಸು, ಬದನೆ, ನಾಲ್ಕು ತೆಂಗು, ಒಂದು ಪೇರಲ, ಒಂದು ಚಿಕ್ಕು. ಹಿಂದಿನ ಗೋಡೆ ದಾಟಿದರೆ ಕಡಲೆ, ಬಿಳಿಜೋಳದ ಹೊಲ. ಮೊದಲ ಮೂರು ವರ್ಷ ನಾನು ಮಾಡದ ಪ್ರಯೋಗ ಇಲ್ಲ. ಬೆಳ್ಳುಳ್ಳಿ ಜಜ್ಜಿ ಹಾಕಿದೆ, ಖಾರಪುಡಿ ಚೆಲ್ಲಿದೆ, ಕೀಂ ಅನ್ನುವ ಯಂತ್ರ ತಂದು ನೆಟ್ಟೆ. ಹೆಗ್ಗಣಗಳು ಆರಾಮಾಗಿಯೇ ಇದ್ದವು.

ಒಂದು ದಿನ ಹಿಂದಿನ ಹೊಲದ ಕಾಕಾ ಗೋಡೆಗೆ ಒರಗಿ ನನ್ನ ಒದ್ದಾಟ ನೋಡುತ್ತಿದ್ದವರು ಹೇಳಿದರು: “ತಮ್ಮಾ, ನೀ ಬರೇ ಓಡಸಾಕತ್ತೀ. ಅವು ಯಾವಾಗ ಬರ್ತಾವ, ಎಲ್ಲಿಂದ ಬರ್ತಾವ ಅಂತ ನೋಡೇ ಇಲ್ಲ. ನಮ್ಮ ಹೊಲಾ ಖಾಲಿ ಆದ ಮ್ಯಾಲೆ ಅವಕ್ಕೂ ಹೊಟ್ಟಿ ಐತಲ್ಲ?”

ಅಷ್ಟೇ ವಿಷಯ. ಜನವರಿ, ಫೆಬ್ರುವರಿಯಲ್ಲಿ ಕಡಲೆ ಕೀಳುತ್ತಾರೆ. ಅದರ ಹಿಂದೆಯೇ ಜೋಳದ ರಾಶಿ. ಮಾರ್ಚ್ ಹೊತ್ತಿಗೆ ಸುತ್ತಲ ಎರಿ ಹೊಲ ಬೋಳು. ಆಮೇಲೆ ನೆಲ ಬಿರಿಯುತ್ತದೆ, ನೀರಿಲ್ಲ, ಕಾಳಿಲ್ಲ. ಇಡೀ ಬಯಲಿನಲ್ಲಿ ಹಸಿರು ಮತ್ತು ಹಸಿ ಇರುವುದು ನಾವು ದಿನಾ ನೀರು ಹಾಕುವ ಹಿತ್ತಲಲ್ಲಿ. ಬಾರದೆ ಏನು ಮಾಡುತ್ತವೆ? ಹಾಗಾಗಿ ಬೇಲಿಯ ಕೆಲಸ ಜನವರಿಗೆ ಮುಗಿದಿರಬೇಕು. ಗದಗ, ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಭೂಮಿಯವರಿಗೂ ಇದೇ ಲೆಕ್ಕ. ಹಾವೇರಿ ಕಡೆ ಗೋವಿನಜೋಳ ಜಾಸ್ತಿ, ಅದು ಮುಂಗಾರಿ ಬೆಳೆ, ದೀಪಾವಳಿ ಆಸುಪಾಸು ಕಟಾವಿಗೆ ಬರುತ್ತದೆ. ಅವರು ಇನ್ನೂ ಮೊದಲೇ ಸಜ್ಜಾಗಬೇಕು. ನಿಮ್ಮ ಅಕ್ಕಪಕ್ಕ ಏನು ಬೆಳೆಯುತ್ತಾರೆ, ಯಾವಾಗ ರಾಶಿ ಮಾಡುತ್ತಾರೆ, ಮೊದಲು ಅದನ್ನು ಕೇಳಿಕೊಳ್ಳಿ.

ಬಿಲ ಯಾರದು?

ತೂತು ಕಂಡ ಕೂಡಲೇ ಹೆಗ್ಗಣ ಅಂತ ಬಯ್ಯಬೇಡಿ. ನೆಲದಲ್ಲಿ ತೂತು ಮಾಡುವವರು ಬಹಳ ಜನ.

ಹೆಗ್ಗಣದ ಬಿಲದ ಬಾಯಿ ಮುಷ್ಟಿ ಹೋಗುವಷ್ಟು ಇರುತ್ತದೆ. ಮುಂದೆ ಹೊಸ ಮಣ್ಣಿನ ಗುಡ್ಡೆ. ಎಷ್ಟೋ ಸಲ ಬಾಯನ್ನು ಒಳಗಿನಿಂದ ಮಣ್ಣು ತುಂಬಿ ಅದೇ ಮುಚ್ಚಿಕೊಂಡಿರುತ್ತದೆ, ಹಾಗಾಗಿ ತೂತು ಕಾಣದೆ ಗುಡ್ಡೆ ಮಾತ್ರ ಕಾಣಬಹುದು. ಒಂದು ಬಿಲಕ್ಕೆ ಎರಡು ಮೂರು ಬಾಯಿ ಇದ್ದೇ ಇರುತ್ತವೆ. ಒಳಗೆ ಕಾಳು ಕೂಡಿಡಲು ಬೇರೆ ಕೋಣೆ. ಸುಗ್ಗಿ ಕಾಲದಲ್ಲಿ ಅಂಥ ಬಿಲ ಅಗೆದರೆ ಜೋಳದ ತೆನೆ ರಾಶಿಯಾಗಿ ಸಿಗುತ್ತದೆ. ದೊಡ್ಡ ಜಾತಿಯ ಹೆಗ್ಗಣ ಒಂದು ಕೆಜಿವರೆಗೂ ತೂಗುತ್ತದೆ, ಸಿಟ್ಟು ಬಂದರೆ ಹಂದಿಯ ಹಾಗೆ ಗುರ್ ಅನ್ನುತ್ತದೆ. ತೆಲುಗರು ಇದನ್ನು ಪಂದಿಕೊಕ್ಕು, ಅಂದರೆ ಹಂದಿ ಇಲಿ, ಅಂತ ಕರೆದದ್ದು ಸುಮ್ನೆ ಅಲ್ಲ. ಬ್ಯಾಂಡಿಕೂಟ್ ಅನ್ನುವ ಇಂಗ್ಲಿಷ್ ಹೆಸರು ಹುಟ್ಟಿದ್ದೂ ಅದರಿಂದಲೇ.

ಹೊಲದ ಸಣ್ಣ ಇಲಿಯ ಬಿಲ ಹೆಬ್ಬೆರಳು ಹೋಗುವಷ್ಟು, ಬಾಯಲ್ಲಿ ಸಣ್ಣ ಸಣ್ಣ ಮಣ್ಣಿನ ಉಂಡೆ. ಬಾಲದ ತುದಿಯಲ್ಲಿ ಕಪ್ಪು ಕುಚ್ಚು ಇರುವ, ಬಿಳಿ ಹೊಟ್ಟೆಯ, ಜಿಗಿದು ಓಡುವ ಇಲಿ ಇನ್ನೊಂದಿದೆ. ಅದಕ್ಕೆ ಒಣ, ಸಡಿಲ ಮಣ್ಣು ಬೇಕು. ಕೆಮ್ಮಣ್ಣಿನ ಕಡೆಯವರಿಗೆ ಅದರ ಪರಿಚಯ ಜಾಸ್ತಿ.

ಇನ್ನು ಸುಂಡಿಲಿ. ಉದ್ದ ಮೂತಿ, ಕೆಟ್ಟ ವಾಸನೆ, ಚಿಕ್ ಚಿಕ್ ಸದ್ದು. ಇದು ನಿಜವಾಗಿ ಇಲಿಯ ಜಾತಿಯೇ ಅಲ್ಲ. ತಿನ್ನುವುದು ಹುಳ, ಜಿರಳೆ. ಬೋನಿಗೆ ಬಿದ್ದರೂ ಬಿಟ್ಟುಬಿಡಿ, ನಿಮ್ಮ ಕೆಲಸವನ್ನೇ ಮಾಡುತ್ತಿದೆ.

ಬಾಯಿ ನುಣುಪಾಗಿದ್ದು ಹೊಸ ಮಣ್ಣೇ ಇಲ್ಲದಿದ್ದರೆ ಹುಷಾರು. ಹಾವು ತಾನಾಗಿ ಇಂಥ ಬಿಲ ತೋಡುವುದಿಲ್ಲ, ಇಲಿ ತೋಡಿದ ಬಿಲಕ್ಕೆ ಬಂದು ಕೂರುತ್ತದೆ. ಕೇರೆ ಆದರೆ ಅಡ್ಡಿಯಿಲ್ಲ. ನಾಗರವೋ ಕೊಳಕು ಮಂಡಲವೋ ಆಗಿದ್ದರೆ? ಯಾವ ಬಿಲಕ್ಕೂ ಕೈ ಹಾಕಬೇಡಿ. ಕೋಲು ಹಾಕಿ ತಿರುವುವುದೂ ಬೇಡ.

ಗಿಡ ಒಣಗಿದೆ, ತೂತು ಎಲ್ಲೂ ಇಲ್ಲ, ಎಳೆದರೆ ಬೇರೇ ಇಲ್ಲದೆ ಸಲೀಸಾಗಿ ಬಂತು ಅಂದರೆ ಅದು ಗೊಣ್ಣೆ ಹುಳು, ಮಣ್ಣೊಳಗೆ ಬೇರು ತಿನ್ನುವ ದುಂಬಿಯ ಮರಿ. ಅದರ ಮಾತು ಕೊನೆಗೆ.

ಎಣಿಸುವ ಸಂಜೆ

ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಆದರೂ ಬಹಳ ಜನ ಬಿಡುವುದು ಇದನ್ನೇ. ಸಂಜೆ ಹಿತ್ತಲು ಪೂರ್ತಿ ಸುತ್ತಿ. ಕಂಡ ಪ್ರತಿ ಬಿಲದ ಬಾಯನ್ನು ಸಡಿಲ ಮಣ್ಣಿನಿಂದ ಮೆಲ್ಲಗೆ ಮುಚ್ಚಿ, ಪಕ್ಕ ಒಂದು ಕಡ್ಡಿ ನೆಡಿ. ತುಳಿದು ಗಟ್ಟಿ ಮಾಡಬೇಡಿ. ಮರುದಿನ ಬೆಳಿಗ್ಗೆ ಎಷ್ಟು ತೆರೆದಿವೆ, ಎಲ್ಲಿ ಹೊಸ ಮಣ್ಣು ಬಿದ್ದಿದೆ ನೋಡಿ. ತೆರೆದವು ಮಾತ್ರ ಬದುಕಿರುವ ಬಿಲ. ಎರಡು ದಿನ ಹೀಗೆ ಮಾಡಿದರೆ ಲೆಕ್ಕ ಗಟ್ಟಿಯಾಗುತ್ತದೆ.

ಮೊದಲ ಸಲ ನಾನು 23 ಬಾಯಿ ಮುಚ್ಚಿದ್ದೆ. ತೆರೆದದ್ದು 6. ಅದರಲ್ಲಿ ನಾಲ್ಕು ತಿಪ್ಪೆಯ ಸುತ್ತ, ಎರಡು ಹಿಂದಿನ ಗೋಡೆ ಬುಡದಲ್ಲಿ. ಗಜ್ಜರಿ ಮಡಿಯಲ್ಲಿ ಒಂದೂ ಇಲ್ಲ! ಅಲ್ಲಿಗೆ ಊಟಕ್ಕೆ ಮಾತ್ರ ಬರುತ್ತಿದ್ದವು. ಮೂರು ವರ್ಷ ಬೆಳ್ಳುಳ್ಳಿ ಹಾಕಿದ್ದು ಮಡಿಯಲ್ಲಿ, ಅವುಗಳ ಮನೆ ಇದ್ದದ್ದು ತಿಪ್ಪೆಯಲ್ಲಿ.

ಈ ಕೆಲಸಕ್ಕೆ ಇಳಿಯುವಾಗ ಗಮ್‌ಬೂಟು, ರಬ್ಬರ್ ಕೈಗವಸು ಹಾಕಿಕೊಳ್ಳಿ. ಇಲಿಯ ಮೂತ್ರ ಬಿದ್ದ ಹಸಿ ಮಣ್ಣು, ನಿಂತ ನೀರಿನಿಂದ ಇಲಿ ಜ್ವರ ಬರುತ್ತದೆ. ಕಾಲಿನ ಸಣ್ಣ ಗಾಯ ಸಾಕು ರೋಗಾಣು ಒಳಗೆ ಹೋಗಲು. ಆಮೇಲೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಡಾಕ್ಟರ ಬಳಿ ಹೋಗಿ, ಹಿತ್ತಲಲ್ಲಿ ಇಲಿ ಬಿಲ ಅಗೆದಿದ್ದೆ ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರಿಗೆ ಹೊಳೆಯುವುದು ತಡವಾಗಬಹುದು.

ಊಟ, ನೀರು, ಅಡಗುವ ಜಾಗ

ತಿಪ್ಪೆಯಿಂದಲೇ ಶುರು ಮಾಡಿ. ಗೊಬ್ಬರದ ಗುಂಡಿಯ ತಳಕ್ಕೆ ಅರ್ಧ ಇಂಚು ಕಣ್ಣಿನ ಕಬ್ಬಿಣದ ಜಾಲರಿ ಹಾಸಿ, ಬದಿಗೂ ಒಂದು ಅಡಿ ಮೇಲಕ್ಕೆ ಎತ್ತಿ. ಎರೆಹುಳಕ್ಕೆ ದಾರಿ ಇರುತ್ತದೆ, ಹೆಗ್ಗಣಕ್ಕೆ ಇರುವುದಿಲ್ಲ. ಉಳಿದ ಅನ್ನ, ರೊಟ್ಟಿ, ಸಾರು ಗುಂಡಿಗೆ ಹಾಕಬೇಡಿ. ಹಾಕಲೇಬೇಕೆಂದರೆ ಮೇಲೆ ಒಂದು ಗೇಣು ಒಣ ಎಲೆ, ಮಣ್ಣು ಮುಚ್ಚಿ. ವಾರಕ್ಕೊಮ್ಮೆ ಸಲಿಕೆ ಹಾಕಿ ತಿರುವಿ. ವಾರಕ್ಕೊಮ್ಮೆ ಮನೆ ಅಲ್ಲಾಡಿದರೆ ಯಾವ ಹೆಗ್ಗಣವೂ ಅಲ್ಲಿ ಮರಿ ಹಾಕಲು ಇಷ್ಟಪಡುವುದಿಲ್ಲ. ಗರ್ಭ ನಿಂತು ಮರಿ ಹಾಕುವುದಕ್ಕೆ ಅವಕ್ಕೆ ಮೂರು ವಾರ ಚಿಲ್ಲರೆ ಸಾಕು, ಆದ್ದರಿಂದ ತಿಂಗಳಿಗೊಮ್ಮೆ ತಿರುವಿದರೆ ಪ್ರಯೋಜನವಿಲ್ಲ.

ಕಟ್ಟಿಗೆ ಒಟ್ಟಿದ್ದರೆ ಕೆಳಗೆ ಕಲ್ಲು ಇಟ್ಟು ನೆಲದಿಂದ ಒಂದು ಅಡಿ ಎತ್ತರಿಸಿ. ಮೇವಿನ ಬಣವೆಗೂ ಅದೇ. ಬಿದ್ದ ಪೇರಲ, ಚಿಕ್ಕು ಸಂಜೆಯೊಳಗೆ ಆರಿಸಿ. ಕೋಳಿ ಕಾಳು, ನಾಯಿ ತಟ್ಟೆ ರಾತ್ರಿ ಹೊರಗೆ ಬೇಡ. ಗೋಡೆಗುಂಟ ಮೂರು ಅಡಿ ಅಗಲಕ್ಕೆ ಹುಲ್ಲು ಕೊಯ್ದು ಬಯಲು ಮಾಡಿ. ಹೆಗ್ಗಣ ಗೋಡೆ ಒತ್ತಿಕೊಂಡೇ ಓಡಾಡುವ ಪ್ರಾಣಿ, ಬಟ್ಟಬಯಲು ಅಂದರೆ ಅದಕ್ಕೆ ಅಂಜಿಕೆ. ಹೊಲ ಇದ್ದವರು ಒಡ್ಡು ನೋಡಿಕೊಳ್ಳಬೇಕು. ಅಗಲವಾದ, ಪೊದೆ ಬೆಳೆದ ಒಡ್ಡು ಅಂದರೆ ಹೆಗ್ಗಣಗಳ ಓಣಿ. ಭತ್ತದ ಗದ್ದೆಗಳಲ್ಲಿ ಬದುವನ್ನು 30 ಸೆಂ.ಮೀ. ಒಳಗೆ ಇಡಲು ಹೇಳುವುದು ಇದಕ್ಕೇ, ಅಷ್ಟು ಕಿರಿದಾದರೆ ಒಳಗೆ ಸಂಸಾರ ಹೂಡಲು ಜಾಗ ಸಾಲದು. ನಮ್ಮ ಮಳೆಯಾಶ್ರಿತ ಹೊಲದ ಒಡ್ಡು ಮಣ್ಣು, ನೀರು ತಡೆಯುವುದಕ್ಕೆ ಇರುವುದು, ಅದನ್ನು ಕಿರಿದು ಮಾಡಲಾಗುವುದಿಲ್ಲ. ಆದರೆ ಪೊದೆ ಸವರಬಹುದಲ್ಲ.

ಬೇಸಿಗೆಯಲ್ಲಿ ಡ್ರಿಪ್ ಪೈಪು ಕಡಿದರೆ ಅದು ಹಸಿವೆಗಲ್ಲ, ನೀರಿಗೆ. ಬೆಳಿಗ್ಗೆ ಮಾತ್ರ ನೀರು ಬಿಡಿ, ರಾತ್ರಿ ಪೈಪಿನಲ್ಲಿ ನೀರು ನಿಲ್ಲದ ಹಾಗೆ ತುದಿ ಬಿಚ್ಚಿ ಹರಿಸಿಬಿಡಿ. ನಮ್ಮಲ್ಲಿ ಕಡಿತ ಅರ್ಧಕ್ಕರ್ಧ ಇಳಿದದ್ದು ಇದೊಂದರಿಂದ.

ಒಳಗಿದ್ದವನ್ನು ಹೊರಗೆ ಹಾಕುವುದು

ಬೇಲಿ ಹಾಕುವ ಮೊದಲು ಈ ಕೆಲಸ ಮುಗಿಯಬೇಕು. ಇಲ್ಲದಿದ್ದರೆ ಹೆಗ್ಗಣವನ್ನು ಒಳಗೇ ಇಟ್ಟು ಬೀಗ ಹಾಕಿದ ಹಾಗೆ.

ಮಳೆಗಾಲ ಮುಗಿದು ನೆಲ ಇನ್ನೂ ಹಸಿ ಇರುವಾಗ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಬಿಲಕ್ಕೆ ನೀರು ಬಿಡುವ ಉಪಾಯ ನಡೆಯುತ್ತದೆ. ಹಸಿ ಎರಿ ಮಣ್ಣು ನೀರು ಇಂಗಗೊಡುವುದಿಲ್ಲ, ಬಿಲ ಬೇಗ ತುಂಬುತ್ತದೆ. ಅದನ್ನೇ ಏಪ್ರಿಲ್‌ನಲ್ಲಿ ಮಾಡಿದಿರೋ, ನಳ ಬಂದ ದಿನ ಹಿಡಿದಿಟ್ಟ ನೀರೆಲ್ಲ ಬಿರುಕಿನೊಳಗೆ ಹೋಗಿ, ಹೆಗ್ಗಣದ ಕಾಲೂ ತೊಯ್ಯುವುದಿಲ್ಲ. ಹಗಲಲ್ಲಿ ಮಾಡಿ, ಏಕೆಂದರೆ ಹಗಲು ಅದು ಒಳಗಿರುತ್ತದೆ. ಒಂದು ಬಾಯಿ ಬಿಟ್ಟು ಉಳಿದವನ್ನು ಕಲ್ಲು, ಮಣ್ಣಿನಿಂದ ಗಟ್ಟಿಯಾಗಿ ಮುಚ್ಚಿ. ನೀರು ಬಿಡುವುದು ಆ ತೆರೆದ ಬಾಯಿಂದ. ನೀವು ಮೂರು ನಾಲ್ಕು ಹೆಜ್ಜೆ ದೂರ ನಿಲ್ಲಿ, ಮಕ್ಕಳನ್ನು ಮನೆಯೊಳಗೆ ಕಳಿಸಿ. ಹೊರಗೆ ಬರುವುದು ಹಾವೂ ಆಗಬಹುದು. ಹೆಗ್ಗಣ ಓಡಿದ ಮೇಲೆ ಬಿಲವನ್ನು ಪೂರ್ತಿ ಅಗೆದು, ಮಣ್ಣು ತುಂಬಿ ತುಳಿಯಬೇಕು. ಖಾಲಿ ಬಿಲ ಬಿಟ್ಟರೆ ಬಾಡಿಗೆಗೆ ಇನ್ನೊಂದು ಬರುತ್ತದೆ.

ಹೊಗೆ ಹಾಕುವವರೂ ಇದ್ದಾರೆ. ತೂತು ಮಾಡಿದ ಮಡಕೆಯಲ್ಲಿ ಕುಳ್ಳು, ಹುಲ್ಲು ಸುಟ್ಟು ಬಿಲಕ್ಕೆ ಊದುವುದು ಹಳೆಯ ಪದ್ಧತಿ. ಹೊಲದಲ್ಲಿ ಸರಿ. ನಾನು ಹಿತ್ತಲಲ್ಲಿ ಮಾಡಿ, ಜೊತೆಗೆ ನಾಲ್ಕು ಒಣಮೆಣಸಿನಕಾಯಿ ಬೇರೆ ಹಾಕಿ, ಓಣಿಯವರೆಲ್ಲ ಕೆಮ್ಮುತ್ತ ಬಾಗಿಲಿಗೆ ಬಂದರು. ಹೆಗ್ಗಣ ಇನ್ನೊಂದು ಬಾಯಿಂದ ಎದ್ದು ತೆಂಗಿನ ಬುಡಕ್ಕೆ ಹೋಯಿತು.

ಬೋನು ಇದಕ್ಕಿಂತ ವಾಸಿ. ಆದರೆ ತಂದ ದಿನವೇ ಬೀಳಲಿ ಅಂತ ಆಸೆ ಪಡಬೇಡಿ. ಹೊಸ ವಸ್ತು ಕಂಡರೆ ಇಲಿ, ಹೆಗ್ಗಣ ಹತ್ತಿರ ಸುಳಿಯುವುದಿಲ್ಲ. ಮೂರು ರಾತ್ರಿ ಬಾಗಿಲು ಕಟ್ಟಿ ತೆರೆದೇ ಇಡಿ, ಒಳಗೆ ತಿನಿಸು ಇಡಿ, ತಿಂದು ಹೋಗಲಿ. ನಾಲ್ಕನೆಯ ರಾತ್ರಿ ಬಾಗಿಲ ಕಟ್ಟು ಬಿಚ್ಚಿ. ಜಾಗ ಗೋಡೆಗುಂಟ, ಬೋನಿನ ಬಾಯಿ ಅವು ಓಡಾಡುವ ದಾರಿಗೆ. ತಿನಿಸಿಗೆ ಸುಟ್ಟ ಒಣ ಕೊಬ್ಬರಿ, ಶೇಂಗಾ ಹಿಂಡಿ, ಎಣ್ಣೆ ಸವರಿದ ರೊಟ್ಟಿ ಚೂರು ಎಲ್ಲ ಆಗುತ್ತದೆ. ನಮ್ಮ ಮನೆಯ ದಾಖಲೆ ಮಾತ್ರ ಹಿಂದಿನ ಸಂಜೆಯ ಮಿರ್ಚಿ ಭಜಿಯ ಹೆಸರಲ್ಲಿದೆ. ಧಾರವಾಡದ ಹೆಗ್ಗಣ ಅಲ್ವಾ.

ಹಿಡಿದದ್ದನ್ನು ಏನು ಮಾಡುವುದು? ಇದಕ್ಕೆ ಚಂದದ ಉತ್ತರ ಇಲ್ಲ. ಮುಂದಿನ ಬಡಾವಣೆಯಲ್ಲಿ ಬಿಟ್ಟು ಬರುವುದು ನಮ್ಮ ಕಸ ಪಕ್ಕದ ಮನೆ ಮುಂದೆ ಸುರಿದ ಹಾಗೆ. ಗಣಪತಿ ಹಬ್ಬದಲ್ಲಿ ಇಲಿವಾರ ಅಂತ ಮಾಡಿ ಇಲಿಗೂ ಎಡೆ ಹಿಡಿಯುವ ಮನೆಗಳು ನಮ್ಮ ಕಡೆ ಇವೆ, ಅಂಥವರಿಗೆ ಕೊಲ್ಲು ಅಂತ ನಾನು ಹೇಳಲಾರೆ. ಕೊಲ್ಲುವವರು ಒಂದೇ ಏಟಿಗೆ ಮುಗಿಸುವ ಕತ್ತರಿ ಬೋನು ಬಳಸಲಿ. ಹಕ್ಕಿ, ಅಳಿಲು ಸಿಗದ ಹಾಗೆ ಅದನ್ನು ಡಬ್ಬಿಯೊಳಗೆ ಇಡಬೇಕು. ಅಂಟು ಹಲಗೆ ಮಾತ್ರ ಬೇಡ. ಅದಕ್ಕೆ ಅಂಟಿಕೊಂಡ ಜೀವ ದಿನಗಟ್ಟಲೆ ನರಳುತ್ತದೆ. ಹಲ್ಲಿ, ಗುಬ್ಬಿ ಕೂಡ ಅಂಟಿಕೊಳ್ಳುತ್ತವೆ.

ಜಾಲರಿ

ಈಗ ನಿಜವಾದ ಕೆಲಸ. ಇಡೀ ಬರಹದಲ್ಲಿ ಒಂದನ್ನೇ ಮಾಡುತ್ತೇನೆ ಅನ್ನುವವರು ಇದನ್ನೇ ಮಾಡಿ.

ನಾಲ್ಕು ಅಡಿ ಅಗಲದ ಸುರುಳಿ ಕೊಳ್ಳಿ. ಸತುವಿನ ಲೇಪದ, ಅಂದರೆ ಜಿಐ, ವೆಲ್ಡ್ ಜಾಲರಿ. ಕಣ್ಣು ಅರ್ಧ ಇಂಚು, ತಂತಿ ದಪ್ಪ 1 ಮಿ.ಮೀ. ಇರಲಿ. ಪ್ಲಾಸ್ಟಿಕ್ ಜಾಲರಿಯನ್ನು ಅಂಗಡಿಯವರು ಎಷ್ಟೇ ಹೊಗಳಿದರೂ ಬೇಡ, ಒಂದೇ ರಾತ್ರಿ ಕಡಿದು ಹಾಕುತ್ತವೆ. ಸಣ್ಣ ಇಲಿಯ ಕಾಟವೇ ಜಾಸ್ತಿ ಇದ್ದರೆ ಕಾಲು ಇಂಚು ಕಣ್ಣಿನದು ಬೇಕು, ಪೆನ್ಸಿಲ್ ಹೋಗುವ ಸಂದಿಯಲ್ಲಿ ಅವು ನುಸುಳುತ್ತವೆ.

ನಾಲ್ಕು ಅಡಿಯ ಲೆಕ್ಕ ಹೀಗೆ. ಒಂದು ಅಡಿ ನೆಲದ ಮೇಲೆ. ಎರಡು ಅಡಿ ನೆಲದೊಳಗೆ ನೇರ. ಉಳಿದ ಒಂದು ಅಡಿಯನ್ನು ತಳದಲ್ಲಿ ಹೊರಗಡೆಗೆ, ಹೊಲದ ದಿಕ್ಕಿಗೆ, ಮಡಚಬೇಕು. ಹೆಗ್ಗಣ ಬೇಲಿಯ ಬುಡಕ್ಕೆ ಬಂದು ಅಲ್ಲೇ ಕೆಳಗೆ ತೋಡುತ್ತದೆ. ಎರಡು ಅಡಿ ಇಳಿದ ಮೇಲೆ ಕಾಲ ಕೆಳಗೂ ಜಾಲರಿ, ಎದುರಿಗೂ ಜಾಲರಿ. ಹಿಂದೆ ಸರಿದು ದೂರದಿಂದ ತೋಡಬೇಕು ಅನ್ನುವ ಬುದ್ಧಿ ಅದಕ್ಕೆ ಸಾಮಾನ್ಯವಾಗಿ ಓಡುವುದಿಲ್ಲ. ಮಡಿಕೆ ಒಳಗಡೆಗೆ ಆದರೆ ಇಡೀ ಶ್ರಮ ದಂಡ. ನಮ್ಮಲ್ಲಿ ಕೆಲಸಕ್ಕೆ ಬಂದವರು ಒಂದು ಬದಿ ಹಾಗೆ ಮಾಡಿ, ಮಣ್ಣೂ ಮುಚ್ಚಿ, ಚಹಾ ಕುಡಿಯುತ್ತ ಕೂತಿದ್ದರು. ಮತ್ತೆ ಅಗೆಸಿದೆ.

ಗುಂಡಿ ಎರಡು ಅಡಿ ಆಳ, ತಳದಲ್ಲಿ ಒಂದು ಅಡಿ ಅಗಲ. ಡಿಸೆಂಬರ್‌ನಲ್ಲಿ ಎರಿ ಮಣ್ಣು ಸಲಿಕೆಗೆ ಬೆಣ್ಣೆಯ ಹಾಗೆ ಸಿಗುತ್ತದೆ. ಏಪ್ರಿಲ್‌ನಲ್ಲಿ ಹಾರೆ ಹಾಕಿದರೂ ಕಲ್ಲು. ಜೂನ್‌ನಲ್ಲಿ ಕಾಲು ಎತ್ತಿಡಲಾಗದ ಅಂಟು. ಜಾಲರಿ ಜೋಡುವಲ್ಲಿ ಅರ್ಧ ಅಡಿ ಒಂದರ ಮೇಲೊಂದು ಬರಲಿ, ಗೇಣಿಗೊಂದು ತಂತಿ ಬಿಗಿಯಿರಿ. ಮೂಲೆಯಲ್ಲಿ ಕೆಳಗಿನ ಮಡಿಕೆ ಬಿರಿದು ಸಂದಿ ಬೀಳುತ್ತದೆ, ಅಲ್ಲಿಗೆ ಬೇರೆ ತುಂಡು ಹೊಲಿಯಬೇಕು. ನಮ್ಮ ಬೇಲಿಯನ್ನು ಮೊದಲ ವರ್ಷ ಗೆದ್ದ ಒಂದೇ ಹೆಗ್ಗಣ ಒಳಗೆ ಬಂದದ್ದು ಮೂಲೆಯಿಂದ.

ಜಾಲರಿ ಯಾಕೆ, ಸಿಮೆಂಟ್ ಕಟ್ಟೆ ಕಟ್ಟಿದರಾಗದೇ ಅಂತ ಕೇಳಬಹುದು. ಗಟ್ಟಿ ನೆಲದಲ್ಲಿ ಆಗುತ್ತದೆ. ಕಲಘಟಗಿ, ಅಳ್ನಾವರ ಕಡೆಯ ಕೆಮ್ಮಣ್ಣಿನಲ್ಲಿ ಕಲ್ಲಿನ ಕಟ್ಟೆ ಚೆನ್ನಾಗಿ ನಿಲ್ಲುತ್ತದೆ. ಎರಿ ಮಣ್ಣಿನ ಗುಣ ಬೇರೆ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಸಣ್ಣ ಕಟ್ಟೆ ಎರಡು ವರ್ಷಕ್ಕೆ ಸೀಳು ಬಿಡುತ್ತದೆ. ಸೀಳು ಬಿಡದಿದ್ದರೂ ಬೇಸಿಗೆಯಲ್ಲಿ ಗೋಡೆಗೂ ಮಣ್ಣಿಗೂ ನಡುವೆ ಕೈ ಹೋಗುವಷ್ಟು ಬಿರುಕು ಬೀಳುತ್ತದೆ, ಅದು ಹೆಗ್ಗಣಕ್ಕೆ ತೋಡದೇ ಸಿಕ್ಕ ದಾರಿ. ಜಾಲರಿ ಮಣ್ಣಿನ ಜೊತೆ ಬಾಗುತ್ತದೆ. ನಾನು ಗುಂಡಿಯನ್ನು ಅದೇ ಎರಿ ಮಣ್ಣಿನಿಂದ ಮುಚ್ಚಲಿಲ್ಲ. ಜಾಲರಿಯ ಹೊರಬದಿಗೆ ಒಂದು ಇಂಚಿನ ಖಡಿ, ಅಂದರೆ ಜಲ್ಲಿ ಕಲ್ಲು, ಒಳಬದಿಗೆ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು, ತುಂಬಿದೆ. ಖಡಿಯಲ್ಲಿ ತೋಡಿದರೆ ಕಲ್ಲು ಮತ್ತೆ ಉರುಳಿ ತೂತು ಮುಚ್ಚಿಕೊಳ್ಳುತ್ತದೆ, ಬಿಲ ನಿಲ್ಲುವುದಿಲ್ಲ.

ಗೇಟನ್ನು ಎಲ್ಲರೂ ಮರೆಯುತ್ತಾರೆ. ಅದರ ಕೆಳಗೆ ದಪ್ಪ ಫರಸಿ ಕಲ್ಲು ಹೂಳಿ, ಗೇಟಿನ ಬುಡಕ್ಕೆ ತಗಡು ಹೊಡೆಸಿ. ನಡುವಿನ ಸಂದಿ ಅರ್ಧ ಇಂಚಿಗಿಂತ ಕಡಿಮೆ ಇರಲಿ. ಬಚ್ಚಲ ನೀರು ಹೋಗುವ ಪೈಪಿನ ಬಾಯಿಗೂ ಜಾಲರಿ ತುಂಡು ಕಟ್ಟಿ.

ಒಂದು ಅಡಿ ಎತ್ತರದ ಬೇಲಿ ಹತ್ತಿ ಬರುವುದಿಲ್ಲವೇ? ಮನೆ ಇಲಿ ಹತ್ತುತ್ತದೆ, ಅದಕ್ಕೆ ಈ ಬೇಲಿ ಲೆಕ್ಕಕ್ಕಿಲ್ಲ. ಹೆಗ್ಗಣ ಮಾತ್ರ ಹತ್ತುವುದರಲ್ಲಿ ಸೋಮಾರಿ, ತೋಡುವುದರಲ್ಲಿ ಗಟ್ಟಿಗ. ನೀವು ತಡೆಯುತ್ತಿರುವುದು ತೋಡುವವನನ್ನು.

ಇಡೀ ಹಿತ್ತಲಿಗೆ ಹಾಕಲು ಹಣ ಸಾಲದಿದ್ದರೆ ಗೆಡ್ಡೆ ಬೆಳೆಯುವ ಮಡಿಗೆ ಮಾತ್ರ ಹಾಕಿ. ಮಡಿಯ ಮಣ್ಣು ಒಂದೂವರೆ ಅಡಿ ತೆಗೆದು, ತಳಕ್ಕೂ ನಾಲ್ಕು ಬದಿಗೂ ಜಾಲರಿ ಹಾಸಿ, ಮಣ್ಣು ಮತ್ತೆ ತುಂಬಿ. ಅಷ್ಟು ಆಳ ಇದ್ದರೆ ಗಜ್ಜರಿ, ಮೂಲಂಗಿಗೆ ಜಾಲರಿ ತಾಗುವುದಿಲ್ಲ. ಆಮೇಲೆ ಅಲ್ಲಿ ಗುದ್ದಲಿ ಜೋರಾಗಿ ಹಾಕದ ಹಾಗೆ ನೆನಪಿಡಿ. ಮನೆಯಲ್ಲಿ ಉಳಿದವರಿಗೂ ಹೇಳಿಡಿ.

ತೆಂಗು, ಮಾವಿನ ಸಸಿಗೆ ಲೆಕ್ಕ ಬೇರೆ. ಎಳೆ ತೆಂಗಿನ ಸುಳಿಯ ಬುಡವನ್ನು ಹೆಗ್ಗಣ ನೆಲದೊಳಗಿಂದ ಕೊರೆದು ತಿನ್ನುತ್ತದೆ, ಸಸಿ ನಿಂತಲ್ಲೇ ಸಾಯುತ್ತದೆ. ಸಸಿ ನೆಡುವ ಗುಂಡಿಗೆ ತೆಳು ತಂತಿಯ ಕೋಳಿ ಜಾಲರಿಯ ಬುಟ್ಟಿ ಮಾಡಿ ಇಳಿಸಿ. ಇಲ್ಲಿ ದಪ್ಪ ವೆಲ್ಡ್ ಜಾಲರಿ ಬೇಡ. ಕೋಳಿ ಜಾಲರಿ ಕೆಲವು ವರ್ಷಕ್ಕೆ ತುಕ್ಕು ಹಿಡಿದು ಕರಗುತ್ತದೆ, ಅಷ್ಟರಲ್ಲಿ ಬುಡ ಬಲಿತಿರುತ್ತದೆ, ಬೇರಿಗೂ ದಾರಿ ಸಿಗುತ್ತದೆ. ದಪ್ಪದ್ದಾದರೆ ಬೇರನ್ನೇ ಬಿಗಿದು ಹಿಡಿಯುತ್ತದೆ.

ಗೂಬೆ, ಕೇರೆ, ಬೆಕ್ಕು

ಬೆಕ್ಕು ಸಣ್ಣ ಇಲಿಗೆ ಸರಿ. ದೊಡ್ಡ ಹೆಗ್ಗಣ ಎದುರು ನಿಂತರೆ ನಮ್ಮ ಬೆಕ್ಕು ಗೋಡೆ ಹತ್ತಿ ಕೂತು ಪಂಚಾಯಿತಿ ನೋಡುತ್ತದೆ. ಮುಂಗುಸಿ, ಕೇರೆ ಹಾವು ಬಂದರೆ ಓಡಿಸಬೇಡಿ. ಕೇರೆಗೆ ವಿಷ ಇಲ್ಲ. ಬಿಲದೊಳಗೆ ನುಗ್ಗಿ ಮರಿ ತಿನ್ನುವುದು ಅದು ಮಾಡಬಲ್ಲ ಕೆಲಸ, ಬೆಕ್ಕಿಗೂ ಸಾಧ್ಯವಿಲ್ಲ, ನಮಗೂ ಸಾಧ್ಯವಿಲ್ಲ.

ಗೂಬೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹೃದಯದಾಕಾರದ ಬಿಳಿ ಮುಖದ ಕಣಜ ಗೂಬೆ ಇಲಿಗಳನ್ನೇ ನಂಬಿ ಬದುಕುವ ಹಕ್ಕಿ. ಮರಿ ಇದ್ದಾಗ ಒಂದು ಜೋಡಿ ರಾತ್ರಿಗೆ ಹಲವು ಇಲಿ ಒಯ್ಯುತ್ತದೆ. ನಾವು ಮಾತ್ರ ಮನೆ ಮೇಲೆ ಕೂತರೆ ಅಪಶಕುನ ಅನ್ನುತ್ತೇವೆ. ಮಾಡದ ತಪ್ಪನ್ನು ಹೊರಿಸುವುದಕ್ಕೂ ಗೂಬೆ ಕೂರಿಸುವುದು ಅಂತಲೇ ಹೆಸರು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಗೂಬೆ ಹಿಡಿಯುವುದು, ಕೊಲ್ಲುವುದು ಅಪರಾಧ.

ಹಿತ್ತಲಲ್ಲಿ ಹತ್ತು ಅಡಿಯ ಗಳ ನೆಟ್ಟು ತುದಿಗೆ ಅಡ್ಡಪಟ್ಟಿ ಹೊಡೆಯಿರಿ. ರಾತ್ರಿ ಕೂತು ಬೇಟೆ ನೋಡಲು ಅದಕ್ಕೆ ಅಷ್ಟು ಸಾಕು. ಹಾಲಕ್ಕಿಯೂ ಬರುತ್ತದೆ, ಸಣ್ಣ ಇಲಿ, ಹುಳ ಹಿಡಿಯುತ್ತದೆ. ಗೂಡಿನ ಪೆಟ್ಟಿಗೆ ಇಡುವುದಾದರೆ ಎರಡು ಅಡಿ ಉದ್ದ, ಒಂದೂಕಾಲು ಅಡಿ ಅಗಲ ಮತ್ತು ಎತ್ತರ, ಅರ್ಧ ಅಡಿ ಬಾಯಿ. ಹದಿನೈದು ಅಡಿ ಎತ್ತರಕ್ಕೆ ಕಟ್ಟಿ. ನಮ್ಮ ಮಳೆ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಬಾಯಿ ಪೂರ್ವಕ್ಕೆ ಇರಲಿ. ಬರುತ್ತದೆಯೋ ಇಲ್ಲವೋ ಅದರ ಇಷ್ಟ. ನಮ್ಮ ಪೆಟ್ಟಿಗೆ ಎರಡು ವರ್ಷದಿಂದ ಖಾಲಿ, ಗಳದ ಮೇಲೆ ಮಾತ್ರ ದಿನಾ ಹಾಜರಿ.

ಅಕ್ಕಪಕ್ಕದವರು ಇಲಿ ಪಾಷಾಣ ಇಡುತ್ತಿದ್ದರೆ ಇದೆಲ್ಲ ನೀರಲ್ಲಿ ಹೋಮ. ಪಾಷಾಣ ತಿಂದು ತೂರಾಡುವ ಇಲಿಯನ್ನು ಗೂಬೆ, ಬೆಕ್ಕು ತಿಂದರೆ ಅವೂ ಸಾಯಬಹುದು. ಹೋಗಿ ಮಾತಾಡಿ. ಜಗಳ ಮಾಡದೆ, ಎಣಿಸುವ ಸಂಜೆ ಅವರನ್ನೂ ಕರೆಯಿರಿ.

ವಾಸನೆ, ಖಾರ, ಸದ್ದು

ಇವನ್ನು ಬರೆಯದಿದ್ದರೆ ಯಾರಾದರೂ ಕೇಳೇ ಕೇಳುತ್ತೀರಿ. ಖಾರಪುಡಿಯ ಉರಿ ಇಲಿಗೂ ತಾಗುತ್ತದೆ, ನಿಜ. ಆದರೆ ಒಂದು ಸಲ ನೀರು ಹಾಕಿದರೆ ಹೋಯಿತು. ನಾನು ಹಾಕಿದ್ದು ಬ್ಯಾಡಗಿ ಪುಡಿ. ಬ್ಯಾಡಗಿಗೆ ಹೆಸರು ಬಂದಿರುವುದು ಬಣ್ಣಕ್ಕೆ, ಖಾರಕ್ಕಲ್ಲ! ಮಡಿ ಕೆಂಪಾಯಿತು, ಅಷ್ಟೇ. ಬೆಳ್ಳುಳ್ಳಿ, ಪುದೀನ, ಹರಳೆಣ್ಣೆ ನಾಲ್ಕು ದಿನ ಇರುತ್ತವೆ. ಬಿಲದ ಬಾಯಿಗೆ ಸುರಿದರೆ ಹೆಗ್ಗಣ ಪಕ್ಕ ಇನ್ನೊಂದು ಬಾಯಿ ತೆರೆಯುತ್ತದೆ. ಕಿವಿಗೆ ಕೇಳದ ಸದ್ದಿನ ಯಂತ್ರದ ಸದ್ದು ಮಣ್ಣೊಳಗೆ ಇಳಿಯುವುದಿಲ್ಲ. ಡಾಂಬರ್ ಗುಳಿಗೆ ಸಹಜವೂ ಅಲ್ಲ, ತರಕಾರಿ ಮಣ್ಣಿಗೆ ಹಾಕಬಾರದ ವಿಷ. ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ, ಬೇಲಿಗೆ ಹಚ್ಚಿದರೆ ಇಲಿ ಬರುವುದಿಲ್ಲ ಅನ್ನುತ್ತಾರೆ. ಆ ಹೆಸರಿನ ಅರ್ಥವೇ ಇಲಿ ಕೊಲ್ಲುವುದು ಅಂತ. ಮಧ್ಯ ಅಮೆರಿಕದಲ್ಲಿ ಅದರ ಬೀಜ, ತೊಗಟೆಯಿಂದ ಇಲಿಪಾಷಾಣ ಮಾಡುತ್ತಿದ್ದರು. ನಮ್ಮ ಬೇಲಿಯಲ್ಲಿ ಆರು ಗಿಡ ಇವೆ, ಒಂದರ ಬುಡದಲ್ಲೇ ಬಿಲ ಇತ್ತು. ಸೊಪ್ಪು ಒಳ್ಳೆಯ ಗೊಬ್ಬರ, ಅದಕ್ಕೆ ಬೆಳೆಸಿ.

ಗೊಣ್ಣೆ ಹುಳು, ಮುಳ್ಳುಹಂದಿ

ಗೊಣ್ಣೆ ಹುಳುವಿಗೆ ಜಾಲರಿ ತಡೆಯಲ್ಲ. ಅದಕ್ಕೆ ಮೇ ತಿಂಗಳ ಅಡ್ಡಮಳೆ ಗಮನಿಸಬೇಕು. ಮೊದಲ ಒಳ್ಳೆಯ ಮಳೆ ಬಿದ್ದ ಸಂಜೆ ಕಂದು ದುಂಬಿಗಳು ನೆಲದಿಂದ ಎದ್ದು ಬೇವು, ಜಾಲಿ ಮರಕ್ಕೆ ಮುತ್ತುತ್ತವೆ. ಆಮೇಲೆ 8 ಗಂಟೆ ಸುಮಾರಿಗೆ ಕೆಳಗೆ ಹಳೆಯ ಚಾದರ ಹಾಸಿ ಟೊಂಗೆ ಅಲ್ಲಾಡಿಸಿ. ಬಿದ್ದದ್ದನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ. ಮಿರಗ (ಮೃಗಶಿರ) ಮಳೆ ಕೂಡುವವರೆಗೆ ಮಳೆ ಬಂದ ಪ್ರತಿ ಸಂಜೆ ಇದೇ ಕೆಲಸ. ಹಸಿ ಸಗಣಿ ನೇರವಾಗಿ ಮಡಿಗೆ ಹಾಕಬೇಡಿ, ಚೆನ್ನಾಗಿ ಕೊಳೆತದ್ದೇ ಹಾಕಿ. ಬೇಸಿಗೆಯಲ್ಲಿ ಮಣ್ಣು ಆಳಕ್ಕೆ ತಿರುವಿ ಬಿಟ್ಟರೆ ಬೆಳ್ಳಕ್ಕಿ, ಗೊರವಂಕ ಆರಿಸಿಕೊಳ್ಳುತ್ತವೆ. ಕಾಟ ಜಾಸ್ತಿ ಇದ್ದರೆ ಮೆಟರೈಜಿಯಂ ಅನ್ನುವ ಶಿಲೀಂಧ್ರದ ಪುಡಿಯನ್ನು ಕೊಳೆತ ಗೊಬ್ಬರಕ್ಕೆ ಬೆರೆಸಿ, ಮಣ್ಣು ಹಸಿ ಇದ್ದಾಗ ಹಾಕಿ. ಹುಳುವಿಗೆ ರೋಗ ಬಂದು ಸಾಯುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೋ, ಸೆಪ್ಟೆಂಬರ್‌ನ ಕೃಷಿ ಮೇಳಕ್ಕೆ ಹೋದಾಗಲೋ ಇದರ ಬಗ್ಗೆ ವಿಚಾರಿಸಿ.

ಮಲೆನಾಡಿನ ಅಂಚಿನವರಿಗೆ ಮುಳ್ಳುಹಂದಿ ಬಂದರೆ ಬೋನು, ಬಲೆ ಯಾವುದೂ ಬೇಡ, ಕಾಯ್ದೆಯ ರಕ್ಷಣೆ ಇರುವ ಪ್ರಾಣಿ ಅದು. ಇದೇ ಜಾಲರಿಯನ್ನು ನೆಲದ ಮೇಲೆ ಮೂರು ಅಡಿಗೆ ಏರಿಸಿ ಗಟ್ಟಿ ಕಂಬ ಹಾಕಿ.

ಬೇಲಿ ಹಾಕಿದ ಮೇಲೆ

ತಿಂಗಳಿಗೊಂದು ಸಂಜೆ ಎಣಿಕೆ ಮುಂದುವರಿಯಲಿ. ಬೇಸಿಗೆಯಲ್ಲಿ ಜಾಲರಿ ಗುಂಟ ನೆಲ ಬಿರಿದಿದೆಯೇ ನೋಡಿ, ಬಿರುಕಿಗೆ ಗರಸು ತುಂಬಿ, ಮೇಲೆ ಒಣ ಎಲೆ ಮುಚ್ಚಿ. ನೆಲದ ಮಟ್ಟದಲ್ಲಿ ಜಾಲರಿ ಮೊದಲು ತುಕ್ಕು ಹಿಡಿಯುತ್ತದೆ, ವರ್ಷಕ್ಕೊಮ್ಮೆ ಅಲ್ಲಿ ಕೈಯಾಡಿಸಿ ನೋಡಬೇಕು. ಹೋದ ಮಾರ್ಚ್‌ನಲ್ಲಿ, ಹಿಂದಿನ ಹೊಲದ ಜೋಳ ರಾಶಿಯಾದ ವಾರ, ನಾನು ಮುಚ್ಚಿದ್ದು ಐದು ಬಾಯಿ, ತೆರೆದದ್ದು ಎರಡು. ಎರಡೂ ಜಾಲರಿಯ ಹೊರಗೆ, ಖಡಿಯ ಅಂಚಿನಲ್ಲಿ. ಒಂದು ಗೇಣು ತೋಡಿ ಕೈಬಿಟ್ಟಿದ್ದವು. ಕಾಕಾ ಗೋಡೆ ಆಚೆಯಿಂದ ನೋಡಿ, “ಹಂಗಾರ ಎಲ್ಲಾ ನಮ್ಮ ಬಣವಿಗೇ ಬಂದಾವಲ್ಲೋ ತಮ್ಮಾ” ಅಂದರು. ಮುಂದಿನ ಡಿಸೆಂಬರ್‌ಗೆ ಅವರ ಬಣವೆ ಕೆಳಗೆ ಕಲ್ಲು ಇಡುವ ಕೆಲಸಕ್ಕೆ ನಾನೂ ಹೋಗಬೇಕಾಗಿದೆ.